ಚಿಟ್ಟೆಯ ಕೆನ್ನೆ

ಮೂರನೇ ಮಹಡಿಯ ಹುಡುಗಿ ಬರಿಗಾಲಲ್ಲಿ ಇಳಿದು ಬಂದು ಬಾಗಿಲು ಬಡಿದಾಗ ಬೆಳಗಿನ ಹನ್ನೊಂದೂವರೆ. ನಾನು ಮೇಟ್ರನಮ್ಮನ ಮನೆಯಲ್ಲಿ ಕೂತು ಅವರ ಕನ್ನಡಕದ ಕಡ್ಡಿಗೆ ತಿರುಪು ಹಾಕುತ್ತಿದ್ದೆ. ಹುಡುಗಿ ಅಳುತ್ತಿರಲಿಲ್ಲ. ಅಕ್ಕ ಏಳುತ್ತಿಲ್ಲ, ಮೈ ತಣ್ಣಗಾಗಿದೆ, ಪೊಲೀಸರಿಗೆ ಫೋನ್ ಮಾಡಿದ್ದೇನೆ, ಆದರೆ ಮೊದಲು ನೀವು ಬಂದು ನೋಡಿ ಎಂದಳು.

ಮೇಟ್ರನಮ್ಮ ಮೂವತ್ತು ವರ್ಷ ದೊಡ್ಡ ಆಸ್ಪತ್ರೆಯ ವಾರ್ಡುಗಳನ್ನು ಆಳಿ ನಿವೃತ್ತರಾದವರು. ಒಮ್ಮೆ ಅವರ ವಾರ್ಡಿನಲ್ಲೇ ನಡೆದ ಕೊಲೆಯನ್ನು ಬರೀ ಹಾಸಿಗೆಯ ಮಡಿಕೆ ನೋಡಿ ಪತ್ತೆ ಹಚ್ಚಿದ ಮೇಲೆ ಪೊಲೀಸರಿಗೂ ಅವರೆಂದರೆ ಒಂದು ಬಗೆಯ ಭಯಭಕ್ತಿ. ಅವರ ಮನೆಯಿರುವ ಕಟ್ಟಡದ ಕೆಳಗೇ ನನ್ನ ಕನ್ನಡಕದ ಅಂಗಡಿ. ಅವರು ಹೋದಲ್ಲಿ ಭೂತಗನ್ನಡಿ ಹಿಡಿದು ಹಿಂದೆ ಹೋಗುವುದು ನನ್ನ ಪಾಲಿನ ಕೆಲಸ.

ಸತ್ತವಳನ್ನು ಊರೆಲ್ಲ 'ಚಿಟ್ಟೆ' ಎಂದೇ ಕರೆಯುತ್ತಿತ್ತು. ಆರು ವರ್ಷದ ಹಿಂದೆ ಮುಖಕ್ಕೂ ಕೈಗೂ ತೊನ್ನು ಬಂದಾಗ ಅವಳು ಒಂದು ಹೋಟೆಲಿನಲ್ಲಿ ಸ್ವಾಗತಕಾರಿಣಿಯಾಗಿದ್ದಳು. ಅತಿಥಿಗಳು ಮುಜುಗರಪಡುತ್ತಾರೆ ಎಂದು ಅವಳನ್ನು ಕೆಲಸದಿಂದ ತೆಗೆದರು. ಅಂದು ಸಂಜೆ ಅವಳು ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ಐದು ನಿಮಿಷ ಮಾತಾಡಿದಳು. ಮುಚ್ಚಬೇಡಿ, ಮದ್ದಿನ ಹಿಂದೆ ಓಡಬೇಡಿ, ಹೀಗೇ ಇರೋಣ ಎಂದಳು. ಕೆನ್ನೆಯ ಮೇಲಿನ ಮಚ್ಚೆ ರೆಕ್ಕೆ ಬಿಚ್ಚಿದ ಚಿಟ್ಟೆಯಂತಿತ್ತು. ಲಕ್ಷಗಟ್ಟಲೆ ಜನ 'ಚಿಟ್ಟೆ ಬಳಗ'ವಾದರು.

ಆಮೇಲೆ ಅಂಗಿ ಬಂತು, ಟೋಪಿ ಬಂತು, ಲೋಟ, ದಿಂಬು, ಕೊನೆಗೆ ಮಚ್ಚೆಯ ಚರ್ಮವನ್ನು ಬಿಸಿಲಿನಿಂದ ಕಾಯುವ ಕ್ರೀಮು. ಮೈಮೇಲೆ ಮಚ್ಚೆ ಇದ್ದೂ ಬಳಗದ ಅಂಗಿ ಇಲ್ಲದವರನ್ನು ಉಳಿದವರು ಅನುಮಾನದಿಂದ ನೋಡುವ ಮಟ್ಟಕ್ಕೆ ಅದು ಬೆಳೆಯಿತು. ಅವಳು ಮಾತ್ರ ಕೊನೆಯವರೆಗೂ ಅದೇ ಫೋನಿನಲ್ಲಿ, ಮುಖ ನೋಡಿಕೊಳ್ಳುತ್ತಾ ವಿಡಿಯೋ ಮಾಡುತ್ತಿದ್ದಳು. ಅದರಲ್ಲಿ ಹಿಂದಿನ ಗೋಡೆಯ ಅಕ್ಷರಗಳು ತಿರುವುಮುರುವಾಗಿ ಕಾಣುತ್ತಿದ್ದವು. ಬಳಗದ ಮಕ್ಕಳು ಅದನ್ನೇ ಅನುಕರಿಸಿ ತಮ್ಮ ಹೆಸರನ್ನು ಉಲ್ಟಾ ಬರೆದುಕೊಳ್ಳುತ್ತಿದ್ದರಂತೆ.

ನಾವು ಮೂರನೇ ಮಹಡಿಗೆ ಹತ್ತಿ ಹೋದೆವು. ವಿಡಿಯೋ ಮಾಡುವ ಕೋಣೆಯಲ್ಲಿ ಮೂರು ಗೋಡೆಗೂ ಕ್ರೀಮಿನ ಪೆಟ್ಟಿಗೆಗಳನ್ನು ಪೇರಿಸಿದ್ದರು. ನಡುವಿನ ಕುರ್ಚಿಯಲ್ಲಿ ಅವಳು ಒರಗಿಕೊಂಡಿದ್ದಳು. ಕಾಲ ಬಳಿ ಬಿದ್ದಿದ್ದ ದಿಂಬಿನ ಮೇಲೆ 'ಮುಚ್ಚಬೇಡಿ' ಎಂದು ಅಚ್ಚಾಗಿತ್ತು. ಆ ಅಕ್ಷರಗಳ ಮೇಲೆ ತುಟಿಯ ಬಣ್ಣ, ಸ್ವಲ್ಪ ರಕ್ತ. ಉಸಿರು ಕಟ್ಟಿಸಿ ಕೊಂದಿದ್ದರು.

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಬಂದರು. ಫೋನಿನಲ್ಲಿ ಅವಳ ಹಳೆಯ ವಿಡಿಯೋ ತೆರೆದು ಹೆಣದ ಮುಖದ ಪಕ್ಕ ಹಿಡಿದು, "ಇವಳೇ. ಮಚ್ಚೆ ಕೂಡ ಅಲ್ಲೇ ಇದೆ, ಒಂಚೂರೂ ಆಚೀಚೆ ಇಲ್ಲ," ಎಂದು ಬರೆದುಕೊಂಡರು.

ಮೇಟ್ರನಮ್ಮ ನನ್ನ ಭೂತಗನ್ನಡಿ ಇಸಿದುಕೊಂಡರು. ಕೈಗಳನ್ನು ನೋಡಿದರು, ಆಮೇಲೆ ಎರಡೂ ಕೆನ್ನೆ. ಭೂತಗನ್ನಡಿ ನನ್ನ ಕೈಗೆ ಕೊಟ್ಟು, "ಎಡಗೆನ್ನೆ ನೋಡು," ಎಂದರು. ಕಂದು ಚರ್ಮದಲ್ಲಿ ಹಿಟ್ಟು ಚಿಮುಕಿಸಿದಂತೆ ನಾಲ್ಕಾರು ಮಾಸಲು ಚುಕ್ಕಿಗಳಿದ್ದವು. ಚಿಟ್ಟೆಯಾಕಾರದ ಮಚ್ಚೆ ಇದ್ದದ್ದು ಬಲಗೆನ್ನೆಯಲ್ಲಿ. ಕನ್ನಡಿಯ ಮೇಜಿನ ಮೇಲೆ ಬಿಳಿ ಬಣ್ಣ ತುಂಬಿದ ಡಬ್ಬಿ ಮುಚ್ಚಳ ತೆಗೆದೇ ಇತ್ತು. ಅವರು ಒಂದು ಕ್ರೀಮಿನ ಪೆಟ್ಟಿಗೆ ಎತ್ತಿಕೊಂಡು ಅದರ ಮೇಲಿದ್ದ ಚಿಟ್ಟೆಯ ಫೋಟೋವನ್ನು ಬಹಳ ಹೊತ್ತು ನೋಡಿದರು. ಫೋಟೋ ಸ್ಟುಡಿಯೋದಲ್ಲಿ ತೆಗೆಸಿದ್ದು.

ಮನೆಗೆ ಅಂದು ಬಂದುಹೋದವರ ವಿಷಯ ಬೇಗ ಗೊತ್ತಾಯಿತು. ತಂಗಿ ಒಂಬತ್ತಕ್ಕೆ ಪಾರ್ಸೆಲ್ಲುಗಳನ್ನು ಹಾಕಲು ಕೊರಿಯರ್ ಕಚೇರಿಗೆ ಹೋಗಿ ಹನ್ನೊಂದೂವರೆಗೆ ಮರಳಿದ್ದಳು. ಕ್ರೀಮ್ ಕಂಪನಿಯ ಯಜಮಾನ ಒಂಬತ್ತೂವರೆಗೆ ಬಂದು, ಚಿಟ್ಟೆಯೊಂದಿಗೆ ಜಗಳವಾಡಿ, ಹತ್ತಕ್ಕೆ ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದದ್ದನ್ನು ಕಾವಲುಗಾರ ಕಂಡಿದ್ದ. ಇನ್ಸ್‌ಪೆಕ್ಟರಿಗೆ ಅಷ್ಟೇ ಸಾಕಾಗಿತ್ತು, ಯಜಮಾನನನ್ನು ಕರೆತರಲು ಜೀಪು ಕಳಿಸಿದರು. ಅಂಗಳದಲ್ಲಿ ಇನ್ನೊಬ್ಬಳು ಕೂತಿದ್ದಳು. ಬಳಗದ ಗುಂಪನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದ ಪರವೂರಿನ ಗ್ರಂಥಪಾಲಕಿ. ಚಿಟ್ಟೆ ಮೊದಲ ಸಲ ನನ್ನನ್ನು ಮನೆಗೆ ಕರೆದಿದ್ದಳು, ಬಸ್ಸು ತಡವಾಗಿ ಹನ್ನೊಂದೂಮುಕ್ಕಾಲಿಗೆ ಇಳಿದೆ, ಮೇಲೆ ಹತ್ತಲೇ ಇಲ್ಲ, ಅಷ್ಟರಲ್ಲಿ ಸುದ್ದಿ ಕೇಳಿದೆ ಎಂದು ಹೇಳಿ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಮುಖ, ಕುತ್ತಿಗೆ, ಬೆರಳುಗಳೆಲ್ಲ ಪೂರ್ತಿ ಬೆಳ್ಳಗಾಗಿದ್ದವು. ನಾವೆಲ್ಲ ಸಭ್ಯತೆಯಿಂದ ಬೇರೆ ಕಡೆ ನೋಡಿದೆವು. ಮೇಟ್ರನಮ್ಮ ನೀರಿನ ಲೋಟ ಕೊಡುವ ನೆಪದಲ್ಲಿ ಆ ಬೆರಳುಗಳನ್ನೇ ನೋಡಿದರು.

ತಂಗಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಏನೋ ಕೇಳಿದರು. ಅವಳು ಆಗ ಅತ್ತಳು.

ಮೂರು ಗಂಟೆಗೆ ಪೆಟ್ಟಿಗೆಗಳ ಆ ಕೋಣೆಯಲ್ಲೇ ಎಲ್ಲರನ್ನೂ ಕೂರಿಸಿದರು. ಹೆಣವನ್ನು ಆಗಲೇ ಸಾಗಿಸಿದ್ದರು. ಯಜಮಾನ ವಕೀಲರಿಲ್ಲದೆ ಬಾಯಿ ಬಿಡುವುದಿಲ್ಲ ಎಂದು ಗೊಣಗುತ್ತಿದ್ದ.

"ಬಾಯಿ ಬಿಡಬೇಕಾಗಿಲ್ಲ," ಎಂದರು ಮೇಟ್ರನಮ್ಮ. "ಚಿಟ್ಟೆಯ ಮಚ್ಚೆ ಯಾವ ಕೆನ್ನೆ ಮೇಲಿತ್ತು? ನಿಮ್ಮ ನಿಮ್ಮ ಕೆನ್ನೆ ಮೇಲೇ ಬೆರಳಿಟ್ಟು ತೋರಿಸಿ."

ತಂಗಿ ಎಡಗೆನ್ನೆ ಮುಟ್ಟಿದಳು. ಯಜಮಾನನೂ ಎಡಗೆನ್ನೆಯನ್ನೇ ಮುಟ್ಟಿದ. ಗ್ರಂಥಪಾಲಕಿಯ ಬೆರಳು ಬಲಗೆನ್ನೆಯ ಮೇಲಿತ್ತು. ಇನ್ಸ್‌ಪೆಕ್ಟರ್ ಕೂಡ ತಮಗರಿವಿಲ್ಲದೆ ಬಲಗೆನ್ನೆ ಮುಟ್ಟಿಕೊಂಡು ಆಮೇಲೆ ಕೈ ಕೆಳಗಿಳಿಸಿದರು.

ಮೇಟ್ರನಮ್ಮ ಒಂದೊಂದಾಗಿ ಬಿಡಿಸಿ ಹೇಳಿದರು. ಸತ್ತವಳ ಕೈಮೇಲಿನ ಮಚ್ಚೆಗಳಲ್ಲಿ ರೋಮದ ಬುಡದಿಂದ ಕಂದು ಚುಕ್ಕಿಗಳು ಎದ್ದಿದ್ದವು. ಚರ್ಮಕ್ಕೆ ಬಣ್ಣ ಮರಳುವಾಗ ಕಾಣುವ ಗುರುತು ಅದು. ತಂಗಿ ಅಡುಗೆಮನೆಯಲ್ಲಿ ಹೇಳಿದ ಪ್ರಕಾರ ಚಿಟ್ಟೆ ಎರಡು ವರ್ಷದಿಂದ ಗುಟ್ಟಾಗಿ ಚಿಕಿತ್ಸೆ ಪಡೆಯುತ್ತಿದ್ದಳು, ಎಡಗೆನ್ನೆಯ ಚಿಟ್ಟೆ ಹೆಚ್ಚುಕಡಿಮೆ ಅಳಿದುಹೋಗಿತ್ತು. ಕಂಪನಿಗೆ ಮಚ್ಚೆ ಬೇಕು, ಬಳಗಕ್ಕೂ ಬೇಕು. ಹಾಗಾಗಿ ತಂಗಿ ದಿನಾ ಬೆಳಗ್ಗೆ ಬಿಳಿ ಬಣ್ಣದಲ್ಲಿ ಅದನ್ನು ಮತ್ತೆ ಬರೆಯುತ್ತಿದ್ದಳು. ಆ ದಿನ ಮಾತ್ರ ಅಕ್ಕ, ಬಣ್ಣ ಬೇಡ, ಇವತ್ತು ಎಲ್ಲರಿಗೂ ಹೇಳಿಬಿಡ್ತೀನಿ ಎಂದಿದ್ದಳು. ಯಜಮಾನನ ಜೊತೆ ಜಗಳವಾದದ್ದೂ ಅದಕ್ಕೇ.

"ಅಂದ್ರೆ ತಂಗಿ ಮನೆ ಬಿಟ್ಟಾಗ ಅವಳ ಮುಖ ಬರಿದಾಗಿತ್ತು. ಹೆಣದ ಮುಖದಲ್ಲಿ ಮಚ್ಚೆ ಹೇಗೆ ಬಂತು?"

"ಕೊಂದವನೇ ಬರೆದಿರ್ಬೇಕು," ಎಂದರು ಇನ್ಸ್‌ಪೆಕ್ಟರ್. "ಗುಟ್ಟು ಉಳಿಸ್ಕೊಳ್ಳೋಕೆ. ಅದು ಈ ಯಜಮಾನರಿಗೇ ಲಾಭ."

"ಬರೆದದ್ದು ಬಲಗೆನ್ನೆ ಮೇಲೆ. ಈ ಯಜಮಾನರು ತಾವೇ ನಿಂತು ಪೆಟ್ಟಿಗೆಗೆ ಫೋಟೋ ತೆಗೆಸಿದವರು. ನೋಡಿ, ಇದರಲ್ಲಿ ಮಚ್ಚೆ ಎಡಕ್ಕಿದೆ. ತಂಗಿ ಎರಡು ವರ್ಷ ಕೈಯಾರೆ ಬರೆದವಳು. ಇವರಿಬ್ಬರೂ ಕತ್ತಲಲ್ಲಿ ಬರೆದ್ರೂ ಎಡಕ್ಕೇ ಬರೀತಾರೆ. ಆದ್ರೆ ವಿಡಿಯೋದಲ್ಲಿ ಎಲ್ಲಾ ಕನ್ನಡಿಯಲ್ಲಿ ಕಂಡ ಹಾಗೆ, ಅಕ್ಷರಗಳೇ ತಿರುಗಿವೆ. ನೀವು ಫೋನ್ ಹಿಡಿದು ಎಲ್ಲಾ ಸರಿ ಇದೆ ಅಂದ್ರಲ್ಲ, ಆಗಲೇ ನನಗೆ ಏನೋ ತಪ್ಪಿದೆ ಅನ್ನಿಸಿತು. ಕೊಂದವರು ಚಿಟ್ಟೆಯನ್ನ ಬರೀ ಫೋನಿನಲ್ಲಿ ನೋಡಿದವರು, ಪೆಟ್ಟಿಗೆಯ ಫೋಟೋ ಕಡೆ ತಿರುಗಿಯೂ ನೋಡದೆ ಆ ನೆನಪಿನಿಂದಲೇ ಬರೆದವರು."

"ಹಾಗೆ ನೋಡಿದವರು ಲಕ್ಷ ಜನ ಇದಾರೆ," ಎಂದಳು ಗ್ರಂಥಪಾಲಕಿ ಮೆಲ್ಲಗೆ.

ಮೇಟ್ರನಮ್ಮ ಹೋಗಿ ಅವಳ ಕೈಯನ್ನು ತಮ್ಮ ಅಂಗೈಯಲ್ಲಿ ತೆಗೆದುಕೊಂಡರು, ಜ್ವರ ನೋಡುವವರಂತೆ. "ಇದಾರಮ್ಮ. ಆದ್ರೆ ತೊನ್ನು ಉಗುರಿನ ಸಂದಿಗೆ ಇಳಿಯಲ್ಲ. ಇದು ಆ ಡಬ್ಬಿಯ ಬಣ್ಣ. ನಿನ್ನ ಬೆರಳನ್ನ ಯಾರೂ ನೇರವಾಗಿ ನೋಡಲ್ಲ ಅಂತ ನಿನಗೆ ಗೊತ್ತಿತ್ತು, ಅಲ್ವಾ?"

ಇನ್ಸ್‌ಪೆಕ್ಟರ್ ಭೂತಗನ್ನಡಿ ಹಿಡಿದು ನೋಡಿದರು. ನಾಲ್ಕು ಉಗುರುಗಳ ಕೆಳಗೆ ಬಿಳಿ ಬಣ್ಣ ಒಣಗಿ ಗಟ್ಟಿಯಾಗಿತ್ತು.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಮೊದಲ ಬಸ್ಸಿಗೇ ಬಂದು, ಯಜಮಾನ ಹೋದ ಮೇಲೆ ಕೊರಿಯರಿನವರು ಬಳಸುವ ಹಿಂದಿನ ಮೆಟ್ಟಿಲಿನಿಂದ ಹತ್ತಿ ಹೋದದ್ದನ್ನು ಒಪ್ಪಿಕೊಂಡಳು. ಬಾಗಿಲು ತೆರೆದವಳನ್ನು ಮೊದಲು ಗುರುತೇ ಹಿಡಿಯಲಿಲ್ಲವಂತೆ. ಬಳಗಕ್ಕೆ ಹೇಳುವ ಮೊದಲು ನಿನಗೆ ಹೇಳಬೇಕು ಅನ್ನಿಸಿತು ಎಂದು ಚಿಟ್ಟೆ ನಗುತ್ತಾ ಬಣ್ಣವಿಲ್ಲದ ಮುಖ ತೋರಿಸಿದ್ದಳು.

"ಬಳಗಕ್ಕೆ ಸೇರಿದಾಗ ನಂಗೆ ಬೆರಳ ತುದಿಗಳಲ್ಲಿ ಮಾತ್ರ ಇತ್ತು," ಎಂದಳು ಗ್ರಂಥಪಾಲಕಿ. "ಡಾಕ್ಟ್ರು ಬೇಗ ಹಿಡಿದಿದೀವಿ, ನಿಲ್ಲುತ್ತೆ ಅಂದಿದ್ರು. ಅವಳ ಮಾತು ಕೇಳಿ ಔಷಧಿಯನ್ನ ಮೋರಿಗೆ ಸುರಿದೆ. ಸುರಿಯೋದನ್ನ ವಿಡಿಯೋ ಮಾಡಿ ಅವಳಿಗೇ ಕಳಿಸಿದೆ. ಅದನ್ನ ಎಲ್ಲರಿಗೂ ತೋರಿಸಿ ನನ್ನನ್ನ ಹೊಗಳಿದ್ಲು. ಒಂದೊಂದು ಬೆರಳು ಬೆಳ್ಳಗಾದಾಗ್ಲೂ ಅಂಗಿ ಕಳಿಸಿದ್ಲು." ಅವಳು ಬೆರಳುಗಳನ್ನು ಮಡಿಚಿಕೊಂಡಳು. "ಈಗ ನಾನೇನು ಮಾಡ್ಲಿ ಅಂತ ಕೇಳಿದೆ. ನಿಂಗೆ ಇದೇ ಚೆನ್ನಾಗಿ ಕಾಣುತ್ತೆ ಬಿಡೇ ಅಂದ್ಲು."

"ಕೊಂದ ಮೇಲೆ ಬಣ್ಣ ಯಾಕೆ ಹಚ್ಚಿದೆ?" ಎಂದು ನಾನೇ ಕೇಳಿದೆ.

"ಬಳಗದಲ್ಲಿ ನನ್ನ ಹಾಗೆ ಎಷ್ಟೋ ಜನ ಇದಾರೆ. ಅವರಿಗೆ ಗೊತ್ತಾಗೋದು ಬೇಡ ಅಂತ."

ಗೊತ್ತಾಯಿತು. ಸಂಜೆಯೊಳಗೆ ಸುದ್ದಿ ಎಲ್ಲ ಕಡೆ ಹರಡಿತು. ಮಧ್ಯಾಹ್ನದವರೆಗೆ ದೀಪದ ಚಿತ್ರ ಹಾಕಿ ಗೋಳಾಡುತ್ತಿದ್ದವರು ಕತ್ತಲಾಗುವಷ್ಟರಲ್ಲಿ ಸತ್ತವಳನ್ನು ಮೋಸಗಾತಿ, ಕಳ್ಳಿ ಎಂದು ಬೈಯತೊಡಗಿದರು. ಅಂತ್ಯಕ್ರಿಯೆಗೆ ಬರುತ್ತೇವೆ ಎಂದು ಆರುನೂರು ಜನ ಬರೆದಿದ್ದರು. ಅಂಗಿ ಹಿಂತಿರುಗಿಸುವುದು ಹೇಗೆ ಎಂದು ಅದಕ್ಕಿಂತ ಹೆಚ್ಚು ಜನ ಕೇಳಿದರು. ಗ್ರಂಥಪಾಲಕಿಯನ್ನು ಬಿಡಿಸಬೇಕೆಂದು ಹೊಸದೊಂದು ಗುಂಪು ಹುಟ್ಟಿತು. ಎರಡೇ ದಿನದಲ್ಲಿ ಅವಳ ಮುಖ ಅಚ್ಚಾದ ಅಂಗಿಯೂ ಬಂತು.

ಸ್ಮಶಾನದಲ್ಲಿ ನಾವು ಮೂವರೇ. ತಂಗಿ, ಮೇಟ್ರನಮ್ಮ, ನಾನು. ಹೆಣದ ಮುಖವನ್ನು ಮೇಟ್ರನಮ್ಮ ತಾವೇ ತೊಳೆದಿದ್ದರು. ಬಣ್ಣವಿಲ್ಲದ ಆ ಮುಖ ಯಾವ ಗುಂಪಿಗೂ ಸೇರದ, ಬೀದಿಯಲ್ಲಿ ದಿನಾ ಎದುರಾಗುವ ಹೆಣ್ಣುಮಗಳೊಬ್ಬಳ ಮುಖವಾಗಿತ್ತು.

ಎಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ಕಾರು ನಿಂತು ಯಜಮಾನ ಇಳಿದ. ಕೈ ಕಟ್ಟಿ ನಿಂತು ತಂಗಿಗೆ ಸಮಾಧಾನ ಹೇಳಿದ. ಜನ ಹದಿನೈದು ದಿನದಲ್ಲಿ ಎಲ್ಲ ಮರೀತಾರಮ್ಮ, ಆಮೇಲೆ ಅವಳ ನೆನಪಿಗೆ ಅಂತ ಒಂದು ಕ್ರೀಮ್ ತರೋಣ ಎಂದ. "ವಾಸಿಯಾಗೋಕೆ ಮುಂಚಿನ ಫೋಟೋ ಇದಾವಾ? ಮಚ್ಚೆ ಚೆನ್ನಾಗಿ ಕಾಣೋ ಅಂಥವು?"

ಮೇಟ್ರನಮ್ಮ ಹುಡುಗಿಯ ಮುಖ ನೋಡಿದರು. ನಾನೂ ನೋಡಿದೆ. ಅವಳು ಕಣ್ಣೊರೆಸಿಕೊಂಡಳು, ಫೋನು ತೆಗೆದಳು, ಹುಡುಕತೊಡಗಿದಳು.