ನಾಲ್ಕನೇ ತಾಕಿನ ಕಳೆ

ಬೆಳಗ್ಗೆ ಏಳಕ್ಕೆ ರಮ್ಯ ಗದ್ದೆಗೆ ಇಳಿದಾಗ ನಾಲ್ಕನೇ ತಾಕಿನಲ್ಲಿ ಒಂದು ಕಳೆಯೂ ಇರಲಿಲ್ಲ.

ಬೇರೆಯವರಿಗೆ ಅದು ಒಳ್ಳೆಯ ಸುದ್ದಿ. ಅವಳಿಗೆ ಕಳ್ಳತನ. ಕಬ್ಬಿನ ಮೂರು ತಾಕುಗಳಿಗೆ ಮೂರು ಬಗೆಯ ಕಳೆನಾಶಕ ಹೊಡೆದಿದ್ದರು. ನಾಲ್ಕನೆಯದರಲ್ಲಿ ಹೋಲಿಸಿ ನೋಡಲೆಂದೇ ಕಳೆ ಬಿಟ್ಟಿದ್ದರು. ಇಂದು ಅದನ್ನು ಕಿತ್ತು, ಒಣಗಿಸಿ ತೂಗಬೇಕಿತ್ತು. ಆ ತೂಕವಿಲ್ಲದೆ ಅವಳ ಎರಡು ವರ್ಷದ ಸಂಶೋಧನೆ ದಂಡ.

ತಂಡದ ಮುಖ್ಯಸ್ಥ ಡಾ. ನಾಗಾರ್ಜುನ ಗದ್ದೆಯ ಯಜಮಾನ ಚಿಕ್ಕಸ್ವಾಮಿಯನ್ನು ಅನುಮಾನಿಸಿದರು. ಚಿಕ್ಕಸ್ವಾಮಿ ಕಳೆನಾಶಕ ಮಾರುವವರನ್ನು ಅನುಮಾನಿಸಿದ. ಬದುವಿನ ಮೇಲೆ ನೆರೆದ ಕ್ಯಾತನಹಳ್ಳಿಯವರು ತಲೆಗೊಂದು ಹೆಸರು ಹೇಳಿದರು. ರಜೆಗೆ ಬಂದಿದ್ದ ಚಿಕ್ಕಸ್ವಾಮಿಯ ಅಕ್ಕ, ಹೆಡ್ ಕಾನ್‌ಸ್ಟೇಬಲ್ ಚಂದ್ರಕಲ ಮಾತ್ರ ತಾಕಿನೊಳಗೆ ಕೂತು ಕಬ್ಬಿನ ಬುಡ ಮುಟ್ಟಿ ನೋಡುತ್ತಿದ್ದಳು.

“ನಿನ್ ಗದ್ದೇಲಿ ಕಳೆ ಕೀಳೋರು ಯಾರ್ಲಾ?”

“ಬೆಟ್ಟಮ್ಮ.”

“ಈ ತಾಕು ಮುಟ್ಬೇಡ ಅಂತ ಅವಳಿಗೆ ಯೋಳಿದ್ದಾ?”

ಸಾಹೇಬರು ಹೇಳಿರುತ್ತಾರೆ ಅಂದುಕೊಂಡಿದ್ದೆ ಎಂದ ಚಿಕ್ಕಸ್ವಾಮಿ. ಸಾಹೇಬರು ಚಿಕ್ಕಸ್ವಾಮಿ ಹೇಳಿರುತ್ತಾನೆ ಅಂದುಕೊಂಡಿದ್ದರು. ಯೋಜನೆಯ ಮೈಸೂರಿನ ಪಾಲುದಾರರಿಗೆ ಮೂರು ಸಲ ಸ್ಲೈಡ್ ತೋರಿಸಿ ವಿವರಿಸಿದ್ದೇನೆ, ಕೂಲಿಯವಳಿಗೂ ವಿವರಿಸಬೇಕೆ ಎಂದು ಕೇಳಿದರು.

ಚಂದ್ರಕಲ ಕೈ ಒರೆಸಿಕೊಂಡಳು.

“ಕೆಡಸಕ್ಕೆ ಬಂದೋನು ಕಳೆ ಕಿತ್ತು, ಬುಡಕ್ಕೆ ಮಣ್ಣು ಏರ್ಸಿ ಓಯ್ತಾನಾ ಸಾರ್? ಒಂದು ಗರಿನೂ ಮುರಿದಿಲ್ಲ. ಇದು ಮಾನಕ್ಕೆ ಅಂಜಿ ಮಾಡಿದ ಕೆಲ್ಸ. ಕಿತ್ತೋಳು ಬೆಟ್ಟಮ್ಮ. ತಪ್ಪು ನಿಮ್ದು.”

ಹೇಳಿ ಕಳಿಸಿದಾಗ ಬೆಟ್ಟಮ್ಮ ಬಂದಳು. ಮುಚ್ಚಿಡುವಂಥದ್ದೇನೂ ಅವಳಲ್ಲಿರಲಿಲ್ಲ.

“ನಾನೇ ಕನವ್ವ. ಇವತ್ತು ದೊಡ್ಡೋರೆಲ್ಲ ನೋಡಕ್ ಬತ್ತಾರೆ ಅಂದ್ರು. ಕಳೆ ಕಂಡ್ರೆ ಉಗಿಯೋದು ನನ್ಗೆ ತಾನೆ? ನೆನ್ನೆ ಸಂಜೆ ಪುಕ್ಕಟೆ ಕಿತ್ತೆ.”

ರಮ್ಯ ಮುಂದೆ ಬಂದಳು. “ಹಸುಗೆ ಹಾಕ್ಬಿಟ್ರಾ?”

“ಪಾರ್ಥೇನಿಯಂ ಸೇರ್ಕೊಂಡದೆ, ಹಾಲು ಕಯ್ಯಾಯ್ತದೆ. ಅದ್ನ ಇನ್ನೂ ಬೇರೆ ಮಾಡಿಲ್ಲ. ಮೂರು ಹೊರೆ ಕೊಟ್ಟಿಗೆ ಮುಂದೆ ಅಂಗೇ ಬಿದ್ದದೆ.”

ರಮ್ಯ ಚೀಲ ಹಿಡಿದು ಓಡಿದಳು. ಕಳೆಯನ್ನು ತೂಗುವುದು ಒಣಗಿದ ಮೇಲೆಯೇ; ಒಂದು ದಿನ ಮೊದಲು ಕಿತ್ತರೂ ಲೆಕ್ಕ ಕೆಡುವುದಿಲ್ಲ. ಒಂದು ಕಡ್ಡಿಯೂ ವ್ಯರ್ಥವಾಗಿರಲಿಲ್ಲ.

ನಾಗಾರ್ಜುನ ಬದುವಿನ ಮೇಲೆ ಕೂತರು. ನಾಲ್ಕು ತಾಕು ಏಕೆ, ಒಂದರಲ್ಲಿ ಕಳೆ ಏಕೆ ಎಂದು ಸ್ಲೈಡ್ ಇಲ್ಲದೆ ಹೇಳಿದರು. ಐದು ನಿಮಿಷ ಸಾಕಾಯಿತು. ಬೆಟ್ಟಮ್ಮ ಪೂರ್ತಿ ಕೇಳಿಸಿಕೊಂಡು ತಲೆದೂಗಿದಳು.

“ಮುಂದ್ಲ ಸಲ ಎಷ್ಟು ಕಳೆ ಬೇಕು ಅಂತ ಮೊದ್ಲೇ ಯೋಳಿ ಸಾ. ಬೆಳ್ಸಿ ಕೊಡ್ತೀನಿ.”