ಬಿಳಿ ಸೆರಗಿನ ಬೆಳಕು

ಸಿರುಗುಪ್ಪದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಇಲ್ಲದ್ದನ್ನು ಹೇಳಿ ನನಗೇನೂ ಆಗಬೇಕಾಗಿಲ್ಲ. ಮೂರು ವರ್ಷದ ಹಿಂದೆ ಹತ್ತಿರದ ಹಳ್ಳಿ ಹಚ್ಚೊಳ್ಳಿಗೆ, ಸರೋಜಾ ಎಂಬಾಕೆಯ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಫೋಟೋ ತೆಗೆಯಲು ಹೋಗಿದ್ದೆ. ಎರಡು ಕೂಸು ಕಳೆದುಕೊಂಡ ಮೇಲೆ ಉಳಿದ ಕೂಸು ಅದು.

ಮನೆಯೊಳಗೆ ನಾನು ಫ್ಲ್ಯಾಶನ್ನು ಮುಖಕ್ಕೆ ನೇರ ಹೊಡೆಯುವುದಿಲ್ಲ. ಬಿಳಿ ಗೋಡೆಗೆ ತಿರುಗಿಸಿದರೆ ಬೆಳಕು ಕಿಟಕಿಯಿಂದ ಬಂದಂತೆ ಮೆತ್ತಗೆ ಬೀಳುತ್ತದೆ. ಸರೋಜಾಳ ಮನೆಯಲ್ಲಿ ನಾಲ್ಕೂ ಗೋಡೆ ಕಡು ಹಸಿರು, ಅವಕ್ಕೆ ಹೊಡೆದರೆ ಮುಖಗಳೆಲ್ಲ ಹಸಿರು. ಅಂಥ ಕಡೆ ಯಾರಿಗಾದರೂ ಹಿಡಿಯಲು ಕೊಡುವ ಬಿಳಿ ಪಂಚೆಯನ್ನು ಅವತ್ತೇ ಮರೆತಿದ್ದೆ.

ಎಡಕ್ಕೆ ತಿರುಗಿದರೆ ಬಿಳಿ ಸೀರೆಯ ಮುದುಕಿಯೊಬ್ಬಳು ಕೇಳದೆಯೇ ಎರಡೂ ಕೈಯಿಂದ ಸೆರಗು ಹರಡಿ ನಿಂತಿದ್ದಳು.

“ಹಂಗ ನಿಂದರ್ರಿ ಅವ್ವಾ” ಎಂದು ಫ್ಲ್ಯಾಶನ್ನು ಆ ಸೆರಗಿಗೆ ತಿರುಗಿಸಿದೆ.

ಮಧ್ಯಾಹ್ನದ ಸೆಕೆಯಲ್ಲೂ ನನ್ನ ಎಡಗಿವಿ ತಣ್ಣಗಾಗಿತ್ತು. ಹಸಿ ಸುಣ್ಣದ ವಾಸನೆ ಬರುತ್ತಿತ್ತು. ಅರ್ಧ ಗಂಟೆ ಆ ಕೈಗಳು ಅಲುಗಲಿಲ್ಲ.

ಹೊರಡುವಾಗ ಅವಳಿಗೆ ಕೈಮುಗಿಯಬೇಕೆಂದು ಹುಡುಕಿದೆ.

“ಬಿಳಿ ಸೀರಿ ಉಟ್ಟವ್ರು ಯಾರೂ ಬಂದಿಲ್ಲರಿ” ಎಂದಳು ಸರೋಜಾ.

ಫೋಟೋಗಳಲ್ಲಿ ಹಸಿರಿನ ಸುಳಿವೇ ಇರಲಿಲ್ಲ. ಬೆಳಕು ಬಂದ ಕಡೆ ಏನಿತ್ತೋ ಅದು ಫೋಟೋದಲ್ಲಿರುವವರ ಕಣ್ಣಲ್ಲಿ ಸಣ್ಣದಾಗಿ ಮೂಡಿರುತ್ತದೆ. ದೊಡ್ಡದು ಮಾಡಿ ನೋಡಿದೆ. ಕೂಸಿನ ಕಣ್ಣಲ್ಲಿ ಹರಡಿದ ಸೆರಗು, ಎರಡು ಕೈ.

ತೋರಿಸಿದಾಗ ಸರೋಜಾ ಫೋಟೋವನ್ನು ಕಣ್ಣಿಗೊತ್ತಿಕೊಂಡಳು. “ಯಾರರ ಆಗ್ಲಿ, ನನ್ನ ಕೂಸಿನ ಕಡಿ ಅದಾರಲ್ಲ, ಸಾಕ್ರಿ.”

ಹೋದ ವಾರ ಅಂಗನವಾಡಿಗೆ ಫೋಟೋ ಬೇಕೆಂದು ಮಗಳನ್ನು ಸ್ಟುಡಿಯೋಗೇ ಕರೆತಂದಿದ್ದಳು. ನಾನು ಬೆಳಕು ಮೆತ್ತಗೆ ಮಾಡುವ ಸ್ಟುಡಿಯೋದ ಬಿಳಿ ಛತ್ರಿಗೆ ಫ್ಲ್ಯಾಶ್ ಹೊಡೆದು ತೆಗೆದೆ. ಫೋಟೋದಲ್ಲಿ ಮಗುವಿನ ಕಣ್ಣಲ್ಲಿ ಛತ್ರಿ ಇಲ್ಲ. ಆ ಎರಡು ಕೈಗಳೇ ಇವೆ.