ಪಕ್ಕದಂಗಡಿಯ ಮೌನಿ

"ಅಯ್ಯೋ ದೇವರೇ... ಈ ಮನುಷ್ಯ ಉಸಿರಾಡ್ತಿದ್ದಾನಾ, ಇಲ್ವಾ?"

ಬಾಡಿಗೆಗೆ ಹಿಡಿದ ಹೊಸ ಟೈಲರಿಂಗ್ ಅಂಗಡಿಯಲ್ಲಿ ಅದು ಅವಳ ಮೊದಲ ಬೆಳಗು. ಹೊಲಿಗೆ ಯಂತ್ರದ ಬೋಲ್ಟ್ ಸಡಿಲವಾಗಿದೆಯೆಂದು ಪಕ್ಕದಂಗಡಿಗೆ ಸ್ಪ್ಯಾನರ್ ಕೇಳಲು ಬಂದಿದ್ದಳು. ಇಲ್ಲಿ ನೋಡಿದರೆ, ಅರ್ಧ ಹೆಣೆದ ಬೆತ್ತದ ಕುರ್ಚಿಗಳ ನಡುವೆ ಒಬ್ಬ ಗಂಡಸು ಚಾಪೆಯ ಮೇಲೆ ನೆಟ್ಟಗೆ ಕೂತಿದ್ದಾನೆ. ಕಣ್ಣು ಮುಚ್ಚಿದೆ. ಕರೆದಳು, ಕೆಮ್ಮಿದಳು, ಬಾಗಿಲು ಬಡಿದಳು... ಊಹೂಂ!

ಹೆದರುತ್ತಲೇ ಬಗ್ಗಿ, ಅವನ ಮೂಗಿನ ಕೆಳಗೆ ಬೆರಳು ಹಿಡಿದಳು.

ಬೆಚ್ಚಗಿನ ಉಸಿರು ತಾಗಿತು. ಅದೇ ಗಳಿಗೆಯಲ್ಲಿ ಅವನು ಕಣ್ಣು ತೆರೆದ.

"ಬದುಕಿದ್ದೀನಿ ರೀ," ಅಂದ ಮೆಲ್ಲಗೆ. "ಏನ್ ಬೇಕಿತ್ತು?"

"ಸ್ಪ್ಯಾ... ಸ್ಪ್ಯಾನರ್!" ಅವಳು ಎರಡು ಹೆಜ್ಜೆ ಹಿಂದೆ ಹಾರಿದಳು. "ಬದುಕಿರೋರು ಕರೆದ್ರೆ ಮಾತಾಡ್ಬೇಕಲ್ವಾ? ನನ್ನ ಜೀವ ಬಾಯಿಗೆ ಬಂದಿತ್ತು!"

"ಬೆಳಗ್ಗೆ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋತೀನಿ. ಆಗ ಮಾತಾಡಲ್ಲ. ಹೆದರಿಸಿದ್ದಕ್ಕೆ ಕ್ಷಮಿಸಿ."

ಜಗಳಕ್ಕೆ ಸೆರಗು ಕಟ್ಟಿದ್ದವಳು ಆ ಮಾತಿಗೆ ತಣ್ಣಗಾದಳು. ಅವನು ಕೊಟ್ಟ ಸ್ಪ್ಯಾನರ್ ಹಿಡಿದು ಹೊರಬಂದಳು.

'ಇಷ್ಟು ಸಲೀಸಾಗಿ ಕ್ಷಮೆ ಕೇಳೋ ಗಂಡಸನ್ನ ನಾನೆಲ್ಲೂ ನೋಡಿಲ್ಲಪ್ಪಾ!'

ಬೀದಿಯವರು ಅವನಿಗಿಟ್ಟ ಹೆಸರು ಮೌನಿ. ಇವಳಿಗೆ ಅಕ್ಕ ಇಟ್ಟ ಹೆಸರು ಗಿಣಿ. ಹೆಸರಿಟ್ಟವರು ಇಬ್ಬರ ವಿಷಯದಲ್ಲೂ ಮೋಸ ಮಾಡಿರಲಿಲ್ಲ.

ಗಿಣಿಯದು ಸದಾ ಓಡುವ ಬದುಕು. ಕೈಯಲ್ಲಿ ಬಟ್ಟೆ, ಕಿವಿಗೂ ಭುಜಕ್ಕೂ ನಡುವೆ ಫೋನು, ತಲೆಯಲ್ಲಿ ನಾಳೆ ಕೊಡಬೇಕಾದ ಕೋಟು. ಮಲಗಿದರೂ ಯಂತ್ರದ ಚಕ್ರ ತಲೆಯೊಳಗೆ ತಿರುಗುತ್ತಲೇ ಇರುತ್ತಿತ್ತು. ಮೌನಿಯದು ಬೇರೆಯೇ ಲೆಕ್ಕ. ಹೆಣೆಯುವಾಗ ಹೆಣಿಗೆ, ಉಣ್ಣುವಾಗ ಊಟ. ಆ ದಿನ ಯಾರಿಗಾದರೂ ನೋವು ಕೊಟ್ಟಿದ್ದರೆ, ಅಂಗಡಿ ಮುಚ್ಚುವ ಮೊದಲು ಹೋಗಿ ಕ್ಷಮೆ ಕೇಳಿ ಬರುತ್ತಿದ್ದ. ಹಾಗೆ ಮಾಡದೆ ಮನೆಗೆ ಹೋದವನೇ ಅಲ್ಲ.

"ಸನ್ಯಾಸಿ ಆಗೋ ಯೋಚನೆನಾ?" ಎಂದು ಒಮ್ಮೆ ಕಿಚಾಯಿಸಿದಳು.

"ನಾನು ಸನ್ಯಾಸಿ ಆದ್ರೆ ಈ ಕುರ್ಚಿಗಳನ್ನ ಯಾರು ಹೆಣೀತಾರೆ?"

ಒಂದು ಮಧ್ಯಾಹ್ನ ಅವನು ಸೂಜಿ ಕೇಳಲು ಬಂದಾಗ ಅವಳು ಫೋನಿನಲ್ಲಿ ಮಾತಾಡುತ್ತ, ಗುಂಡಿ ಹಚ್ಚುತ್ತ, ಊಟವನ್ನೂ ಮುಗಿಸಿದ್ದಳು.

"ಇವತ್ತು ಏನ್ ಊಟ ಮಾಡಿದ್ರಿ?"

ಅವಳು ಬಾಯಿ ತೆರೆದಳು. ನೆನಪಾಗಲಿಲ್ಲ. ಖಾಲಿ ಡಬ್ಬಿ ಎದುರಿಗೇ ಇತ್ತು, ಏನು ತಿಂದೆನೆಂದು ಮಾತ್ರ ನೆನಪಾಗಲಿಲ್ಲ!

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಗಿಣಿ ಆ ಖಾಲಿ ಡಬ್ಬಿಯನ್ನೇ ನೋಡುತ್ತ ಕೂತಳು. 'ಹೀಗೇ ಎಷ್ಟು ದಿನ ನನಗೇ ತಿಳಿಯದ ಹಾಗೆ ಕಳೆದುಹೋಯ್ತೋ...'

ಮರುದಿನದಿಂದ ಊಟದ ಹೊತ್ತಿಗೆ ಫೋನು ಡ್ರಾಯರ್ ಸೇರಿತು. ಯಂತ್ರ ತುಳಿಯುವ ಮೊದಲು ಒಂದು ದೀರ್ಘ ಉಸಿರು ಎಳೆದುಕೊಳ್ಳುವ ಅಭ್ಯಾಸವಾಯಿತು. ಕೊನೆಗೆ ಬೆಳಗ್ಗೆ ಅವನ ಅಂಗಡಿಯಲ್ಲಿ ಇನ್ನೊಂದು ಚಾಪೆಯೂ ಬಿತ್ತು.

"ಮೂಗು ಕೆರೀತಿದೆ," ಪಿಸುಗುಟ್ಟಿದಳು ಮೊದಲ ದಿನ.

"ಕೆರ್ಕೊಳ್ಳಿ."

"ದೇವರಿಗೆ ಬೇಜಾರಾಗಲ್ವಾ?"

"ದೇವರಿಗೆ ಬೇರೆ ಕೆಲಸ ಇರುತ್ತೆ ರೀ. ನಿಮ್ಮ ಮೂಗನ್ನೇ ನೋಡ್ತಾ ಕೂತಿರಲ್ಲ."

ಅವಳು ಕಿಸಕ್ಕನೆ ನಕ್ಕಳು. ಕಣ್ಣು ಮುಚ್ಚಿಕೊಂಡೇ ಅವನೂ ನಕ್ಕ.

ದಿನ ಕಳೆದಂತೆ ಗಿಣಿಗೆ ನಿದ್ದೆ ಬರತೊಡಗಿತು, ಹಸಿವಾಗತೊಡಗಿತು. ಜೊತೆಗೆ ಇನ್ನೊಂದೂ ಆಗಿಹೋಯಿತು. ಅವಳು ಅವನನ್ನು ಪ್ರೀತಿಸತೊಡಗಿದ್ದಳು. ಗಿಣಿಯ ಬಾಯಿಂದ ಹೊರಬರದೆ ಒಳಗೇ ಉಳಿದಿದ್ದು ಆ ಒಂದೇ ಮಾತು.

ಒಂದು ಸಂಜೆ ಮೌನಿ ಅವಳ ಬಾಗಿಲಲ್ಲಿ ಬಂದು ನಿಂತ. ಮುಖ ಬಾಡಿತ್ತು.

"ನಿಮ್ಮ ಹತ್ರ ಕ್ಷಮೆ ಕೇಳ್ಬೇಕು."

"ಏನ್ ಮಾಡಿದ್ರಿ? ನನ್ನ ಕತ್ತರಿ ಮುರಿದ್ರಾ?"

"ಇಲ್ಲ... ಕಣ್ಣು ಮುಚ್ಚಿದ್ರೆ ನೀವೇ ಬರ್ತೀರಿ. ಎಷ್ಟೋ ದಿನದಿಂದ."

ಗಿಣಿಯ ಕೈಯಲ್ಲಿದ್ದ ದಾರ ಜಾರಿತು. ಮೈಯೆಲ್ಲ ಹಗುರವಾದಂತಾಯಿತು. 'ಹೇಳು... ಮುಂದೆ ಹೇಳು!'

"ಅದು ತಪ್ಪು. ಮನಸ್ಸನ್ನ ಹಿಡೀಬೇಕಿತ್ತು, ಬಿಟ್ಟುಬಿಟ್ಟೆ. ಕ್ಷಮಿಸಿ. ಇನ್ಮೇಲೆ ನೀವು ಬೆಳಗ್ಗೆ ಬರೋದು ಬೇಡ."

ಅವಳು ಅವನನ್ನೇ ನೋಡುತ್ತ ನಿಂತಳು. "ಅಂದ್ರೆ... ನಾನು ನಿಮ್ಮ ತಪ್ಪಾ?"

ಅವನು ತಲೆ ತಗ್ಗಿಸಿದ.

"ಕ್ಷಮಿಸಿದ್ದೀನಿ. ಹೋಗಿ."

ಅವನು ಹೋದ ಮೇಲೆ ಷಟರ್ ಎಳೆದುಕೊಂಡು, ಬಟ್ಟೆಗಳ ರಾಶಿಗೆ ಮುಖ ಹುದುಗಿಸಿ ಅತ್ತಳು. ಬೇರೆ ಊರಿನಲ್ಲಿದ್ದ ಅಕ್ಕ, ಬಂದು ನನ್ನ ಜೊತೆಗೇ ಅಂಗಡಿ ನಡೆಸು ಎಂದು ಎಂದಿನಿಂದಲೋ ಕರೆಯುತ್ತಿದ್ದಳು. ಗಿಣಿ ಅವಳಿಗೆ ಫೋನು ಮಾಡಿದಳು.

"ಬರ್ತೀನಿ ಅಕ್ಕಾ. ಶನಿವಾರ ಸಾಮಾನು ತರ್ತೀನಿ."

"ಏನೇ ಗಿಣಿ, ಧ್ವನಿ ಯಾಕೆ ಹೀಗಿದೆ? ನೆಗಡಿನಾ?"

"ಹ್ಞೂಂ... ನೆಗಡಿ."

ಶುಕ್ರವಾರ ಮೌನಿಯ ಅಜ್ಜಿ ತೋಳು ಹರಿದ ಸ್ವೆಟರ್ ಹಿಡಿದು ಬಂದರು. ಕಟ್ಟಿಟ್ಟ ಪೆಟ್ಟಿಗೆಗಳನ್ನು ಕಂಡು ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಎಲ್ಲಿಗೇ ಹೊರಟೆ, ಹೇಳದೆ ಕೇಳದೆ?"

ಗಿಣಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಒಳಗೇ ಬಚ್ಚಿಟ್ಟಿದ್ದ ಪ್ರೀತಿಯ ಮಾತನ್ನೂ ಸೇರಿಸಿ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಮೂಗು ಕೆಂಪಾಗಿತ್ತು. ಅಜ್ಜಿ ಅವಳ ತಲೆ ಸವರಿದರು.

"ಅವನು ಮೊದಲಿಂದ ಹೀಗಿರಲಿಲ್ಲ ಕಣೇ. ಮೂಗಿನ ತುದಿಯಲ್ಲೇ ಕೋಪ. ಒಂದಿನ ಸಿಟ್ಟಲ್ಲಿ ಕುರ್ಚಿ ಎತ್ತಿ ಎಸೆದ, ಅವನ ತಮ್ಮನ ಹಣೆ ಒಡೀತು. ರಕ್ತ ನೋಡಿ ಮಗುವಿನ ಹಾಗೆ ನಡುಗಿಬಿಟ್ಟ. ಅವತ್ತು ನಾನೇ ಚಾಪೆ ಮೇಲೆ ಕೂರಿಸಿ ಉಸಿರು ನೋಡೋದು ಹೇಳಿಕೊಟ್ಟೆ."

ಗಿಣಿ ಕಣ್ಣೊರೆಸಿಕೊಂಡಳು. "ಪಾಪ ಅನ್ಸುತ್ತೆ ಅಜ್ಜಿ. ಆದ್ರೆ ನಾನು ಯಾರ ಬದುಕಲ್ಲೂ ಅಡ್ಡಿಯಾಗಿ ಇರಲ್ಲ."

"ಇರಬಾರದು ಮತ್ತೆ! ಸರಿಯಾಗೇ ಹೇಳ್ದೆ."

ಅಜ್ಜಿ ಸ್ವೆಟರ್ ಅಲ್ಲೇ ಮರೆತು ಪಕ್ಕದಂಗಡಿಗೆ ನುಗ್ಗಿದರು. ನಡುವೆ ಇದ್ದದ್ದು ತೆಳ್ಳನೆಯ ಹಲಗೆಯ ಗೋಡೆ. ಗೋಡೆಗೆ ಕಿವಿ ಇತ್ತೋ ಇಲ್ಲವೋ, ಗಿಣಿಗಂತೂ ಇತ್ತು!

"ಕಣ್ಣು ಮುಚ್ಚು ಅಂದಿದ್ದು ಮನುಷ್ಯರೇ ಬೇಡ ಅಂತ ಅಲ್ಲ ಕಣೋ ಪೆದ್ದ! ತೆರೆದಾಗ ಎದುರಿಗಿರೋರನ್ನ ಸರಿಯಾಗಿ ನೋಡ್ಲಿ ಅಂತ! ಆ ಹುಡುಗಿ ನಾಳೆ ಹೊರಟುಹೋಗ್ತಾಳೆ!"

ಗಿಣಿ ಉಸಿರು ಬಿಗಿಹಿಡಿದು ಕಾದಳು. ಕೊನೆಗೆ ಪಕ್ಕದಂಗಡಿಯ ಬಾಗಿಲು ಮುಚ್ಚಿದ ಸದ್ದಷ್ಟೇ ಕೇಳಿ, ಉಳಿದ ಪೆಟ್ಟಿಗೆಗೂ ಹಗ್ಗ ಬಿಗಿದಳು.

ಶನಿವಾರ ಬೆಳಗ್ಗೆ ಗಾಡಿ ಬಂದು ನಿಂತಿತು. ಅದು ಮೌನಿ ಕೂರುವ ಹೊತ್ತು. ಅವನ ಬಾಗಿಲು ಅರೆ ಮುಚ್ಚಿತ್ತು.

'ಕೂತಿರ್ಲಿ ಬಿಡು. ಇವತ್ತಾದ್ರೂ ನೆಮ್ಮದಿಯಾಗಿ ಕೂತಿರ್ಲಿ...' ತುಟಿ ಕಚ್ಚಿಕೊಂಡು ಡ್ರೈವರ್ ಜೊತೆ ಯಂತ್ರವನ್ನು ಎತ್ತಿ ಗಾಡಿಗೆ ಹತ್ತಿಸಿದಳು.

"ನಿಲ್ಲಿ!"

ಮೌನಿ ಬರಿಗಾಲಲ್ಲಿ ಓಡಿಬಂದಿದ್ದ. ಅವನ ಗಂಟಲಿನಿಂದ ಅಷ್ಟು ದೊಡ್ಡ ಧ್ವನಿ ಬಂದದ್ದನ್ನು ಆ ಬೀದಿ ಕೇಳಿರಲಿಲ್ಲ. ಎದುರು ಮಹಡಿಯ ಎರಡು ಕಿಟಕಿ ತೆರೆದುಕೊಂಡವು.

"ನನ್ನ ಎದೇಲಿ ಇಷ್ಟು ಜೋರಾಗಿ ಏಳ್ತಿದ್ದದ್ದು ಒಂದೇ ರೀ... ಕೋಪ. ಅದಕ್ಕೇ ಇದು ಬಂದಾಗ ಹೆದರಿಬಿಟ್ಟೆ. ಇದನ್ನೂ ಅದುಮಿಡ್ಬೇಕು ಅಂದ್ಕೊಂಡೆ. ರಾತ್ರಿಯೆಲ್ಲ ಯೋಚಿಸ್ದೆ. ಕೋಪ ಬಂದ್ರೆ ಏನಾದ್ರೂ ಮುರೀಬೇಕು ಅನ್ಸುತ್ತೆ. ನೀವು ನೆನಪಾದ್ರೆ... ಮುರಿದಿರೋದನ್ನೆಲ್ಲ ಕೂತು ಸರಿಮಾಡ್ಬೇಕು ಅನ್ಸುತ್ತೆ. ಎರಡೂ ಒಂದೇ ಹೇಗಾಗುತ್ತೆ, ಹೇಳಿ?"

ಗಿಣಿಯ ಕಣ್ಣಿಂದ ನೀರು ಇಳಿಯಿತು.

"ಹಾಗಾದ್ರೆ ಅವತ್ತು ಕ್ಷಮೆ ಕೇಳಿದ್ರಲ್ಲ?"

"ಅದೇ ತಪ್ಪು. ಅದಕ್ಕೀಗ ಕ್ಷಮೆ ಕೇಳ್ತಿದ್ದೀನಿ."

"ಕ್ಷಮೆಗೂ ಒಂದು ಕ್ಷಮೆನಾ!" ಅಳುವಿನ ನಡುವೆಯೇ ನಗು ಬಂತು. ಆದರೂ ಅವಳು ಕೇಳಲೇಬೇಕಿತ್ತು. "ನಾಳೆ ನನ್ನ ಮೇಲೇ ಕೋಪ ಬಂದ್ರೆ?"

ಅವನು ಸುಳ್ಳು ಹೇಳಲಿಲ್ಲ.

"ಬರುತ್ತೆ. ಬಂದಾಗ ಹೋಗಿ ಚಾಪೆ ಮೇಲೆ ಕೂರ್ತೀನಿ. ಇಳಿದ ಮೇಲೆ ಎದ್ದು ಬಂದು ನಿಮ್ಮ ಹತ್ರ ಮಾತಾಡ್ತೀನಿ. ಇನ್ಯಾವತ್ತೂ ನಿಮ್ಮನ್ನ ಬಾಗಿಲ ಹೊರಗೆ ನಿಲ್ಲಿಸಲ್ಲ."

"ನಾನು ವಟವಟ ಅಂತಿರ್ತೀನಿ."

"ಅದಿಲ್ಲದೆ ಈ ವಾರ ಎಷ್ಟು ಉದ್ದ ಆಯ್ತು ಗೊತ್ತಾ? ನಾನೂ ನಿಮ್ಮನ್ನ ಪ್ರೀತಿಸ್ತೀನಿ ರೀ!"

"ನಾನೂ ಅಂದ್ರೆ? ನಾನಿನ್ನೂ ಏನೂ ಹೇಳೇ ಇಲ್ಲ!"

"ಗೋಡೆ ತೆಳ್ಳಗಿದೆ. ಅಜ್ಜಿ ಹತ್ರ ಹೇಳಿದ್ದೆಲ್ಲ ಕೇಳಿಸ್ತು."

ಗಿಣಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಡ್ರೈವರ್ ಆಕಳಿಸಿದ. "ಅಮ್ಮಾ, ಸಾಮಾನು ಹತ್ತಿಸ್ಲೋ, ಇಳಿಸ್ಲೋ?"

ಬೆರಳುಗಳ ನಡುವಿನಿಂದಲೇ ಅವಳೆಂದಳು, "ಇಳಿಸಿ ಅಣ್ಣಾ."

ಮೌನಿ ನಿಟ್ಟುಸಿರು ಬಿಟ್ಟ. ಅವನ ಕಣ್ಣುಗಳೂ ತುಂಬಿದ್ದವು.

"ಅಕ್ಕನಿಗೆ ಏನಂತ ಹೇಳ್ಲಿ?" ಕೇಳಿದಳು ಮೆಲ್ಲಗೆ.

"ಪಕ್ಕದಂಗಡಿಯವನು ಬಿಡ್ಲಿಲ್ಲ ಅಂತ ಹೇಳಿ."

"ಬಿಡದೇ ಇರ್ಬೇಕಾದ್ರೆ ಮೊದಲು ಹಿಡೀಬೇಕಲ್ವಾ ರೀ!"

ಅವನು ನಾಚುತ್ತ, ಬೆತ್ತ ಎಳೆದು ಒರಟಾದ ಕೈ ಚಾಚಿ, ಅವಳ ಕೈ ಹಿಡಿದ.